‘ಹಿಂದಿನಂತೆಯೇ ಮುಂದುವರಿಸಿ’: ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಔಷಧಗಳಿಗೂ ವೈದ್ಯಕೀಯ ಸಾಧನಗಳಿಗೂ ಪರವಾನಗಿ ಕೊಡುವ, ಅವುಗಳ ಪೊಟ್ಟಣದ ಮೇಲೆ ಏನು ಅಚ್ಚಾಗಬೇಕು ಎಂಬುದನ್ನು ಒಪ್ಪುವ, ಒಪ್ಪದ ಮಾತನ್ನು ಅಳಿಸಿಹಾಕಿಸುವ ಅಧಿಕಾರ ಯಾವ ದೇಶದಲ್ಲಿ ಯಾರ ಕೈಯಲ್ಲಿದೆಯೋ ಅವರಿಗೆ ಈ ಪತ್ರ. ನಾನು ವೈದ್ಯನಲ್ಲ, ಯಾವ ಸಾಧನವನ್ನೂ ಮಾರುವವನಲ್ಲ. ಹದಿನೈದು ವರ್ಷಗಳ ಸೊಂಟನೋವಿನ ರೋಗಿ. ಈ ಅವಧಿಯಲ್ಲಿ ಮಾತ್ರೆಗಳನ್ನು ನುಂಗಿದ್ದೇನೆ, ನಡುವಿಗೆ ವಿದ್ಯುತ್ತಿನ ಪ್ಯಾಡುಗಳನ್ನೂ ಅಂಟಿಸಿಕೊಂಡಿದ್ದೇನೆ, ಎರಡರಿಂದಲೂ ಒಂದಿಷ್ಟು ಉಪಕಾರವನ್ನೂ ಒಂದಿಷ್ಟು ನಿರಾಶೆಯನ್ನೂ ಪಡೆದಿದ್ದೇನೆ. ಆದ್ದರಿಂದ ಮಾತ್ರೆಯ ಪಕ್ಷ, ಯಂತ್ರದ ಪಕ್ಷ ಎಂದು ನಡೆಯುತ್ತಿರುವ ಜಗಳದಲ್ಲಿ ನನಗೆ ಯಾರ ವಕಾಲತ್ತೂ ಇಲ್ಲ. ಹೇಳಬೇಕಾದ ಮಾತು ಇಷ್ಟೇ: ಎರಡನ್ನೂ ನೀವು ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ, ಒಮ್ಮೆ ತೂಗಿದ್ದನ್ನು ಮತ್ತೆ ತೂಗಿ ನೋಡುವ ಗೋಜಿಗೂ ಯಾರೂ ಹೋಗುತ್ತಿಲ್ಲ.

ಬರೆಯಲು ಕೂತದ್ದು ನನ್ನ ಅಣ್ಣನ ಕಾರಣಕ್ಕೆ. ಆರು ವರ್ಷಗಳ ಹಿಂದೆ ಅವನಿಗೆ ನಿದ್ರೆ ಕೆಟ್ಟಿತು. ವೈದ್ಯರು ಎರಡು ವಾರಕ್ಕೆಂದು ಬೆಂಜೊಡಯಜೆಪೈನ್ ಗುಂಪಿನ ಒಂದು ಮಾತ್ರೆ ಬರೆದುಕೊಟ್ಟರು. ‘ಎರಡು ವಾರ’ ಎಂಬುದು ಆ ಮೊದಲ ಚೀಟಿಯಲ್ಲಿ ಸ್ಪಷ್ಟವಾಗಿದೆ. ಈಚೆಗೆ ಅತ್ತಿಗೆಯ ಬಳಿಯಿದ್ದ ಕಡತದಿಂದ ಹುಡುಕಿ ತೆಗೆದು ನೋಡಿದೆ. ಎರಡನೆಯ ಚೀಟಿಯಲ್ಲಿ ಅದು ಕಾಣೆಯಾಗಿ, ಆ ಜಾಗದಲ್ಲಿ ‘ಹಿಂದಿನಂತೆಯೇ ಮುಂದುವರಿಸಿ’ ಎಂಬ ಎರಡು ಪದಗಳು ಬಂದು ಕೂತಿವೆ. ಅಲ್ಲಿಂದ ಮುಂದೆ ಆರು ವರ್ಷ ಅವೇ ಎರಡು ಪದಗಳು, ಬೇರೆ ಬೇರೆ ಕೈಬರಹಗಳಲ್ಲಿ. ನಡುವೆ ಮೊಣಕಾಲು ನೋವಿಗೆ ಒಂದು ಮಾತ್ರೆ ಸೇರಿತು. ಆ ಮಾತ್ರೆ ಹೊಟ್ಟೆಯನ್ನು ಕೆಡಿಸಿದ್ದಕ್ಕೆ ಆಮ್ಲ ತಗ್ಗಿಸುವ ಇನ್ನೊಂದು. ಅದೇ ನೋವಿನ ಮಾತ್ರೆ ರಕ್ತದೊತ್ತಡವನ್ನೂ ಏರಿಸಿದ್ದಕ್ಕೆ ಮತ್ತೊಂದು. ಪ್ರತಿಯೊಂದನ್ನೂ ಬರೆದವರಿಗೆ ಒಂದೊಂದು ಕಾರಣವಿತ್ತು. ಎಲ್ಲವನ್ನೂ ಒಟ್ಟಿಗೆ ಮೇಜಿನ ಮೇಲೆ ಹರಡಿ, ಇವುಗಳಲ್ಲಿ ಯಾವುದು ಯಾವುದನ್ನು ಕರೆತಂದಿತು ಎಂದು ನೋಡಿದವರು ಯಾರೂ ಇಲ್ಲ.

ಹೀಗಿರುವಾಗ ಪರಿಚಯದವರ ಮೂಲಕ ಒಬ್ಬ ಮಾರಾಟಗಾರ ಬಂದ. ಮುಷ್ಟಿಯಷ್ಟು ದೊಡ್ಡ ಬಿಳಿ ಪೆಟ್ಟಿಗೆ, ಕಿವಿಯ ಹಾಲೆಗಳಿಗೆ ಸಿಕ್ಕಿಸುವ ಎರಡು ಕ್ಲಿಪ್ಪುಗಳು, ಮುಂಭಾಗದಲ್ಲಿ ಒಂದು ನೀಲಿ ದೀಪ. ಮೆದುಳಿನ ಅಲೆಗಳನ್ನು ಇದು ಸರಿಪಡಿಸುತ್ತದೆ, ದಿನಕ್ಕೆ ಒಂದು ಗಂಟೆ ಸಾಕು, ಮಾತ್ರೆಗಳನ್ನು ಇಂದೇ ಬಿಟ್ಟುಬಿಡಿ, ಮೈಯೊಳಗಿನ ವಿಷ ಹೊರಹೋಗುವಾಗ ನಾಲ್ಕು ದಿನ ಕಷ್ಟವಾದರೂ ಸಹಿಸಿಕೊಳ್ಳಿ ಎಂದ. ಈ ಕೊನೆಯ ಮಾತೇ ನಿಜವಾದ ಅಪಾಯ. ಏಕೆಂದರೆ ಕಷ್ಟ ಬಂದಾಗ ಅದನ್ನು ಗುಣವಾಗುತ್ತಿರುವ ಲಕ್ಷಣವೆಂದು ನಂಬಲು ಅಣ್ಣನನ್ನು ಅದು ಮೊದಲೇ ಸಿದ್ಧಗೊಳಿಸಿತ್ತು. ಮೂರನೆಯ ರಾತ್ರಿ ಅವನ ಕೈಗಳು ನಡುಗತೊಡಗಿದವು. ಬೆವರಿನಿಂದ ಅಂಗಿ ತೊಯ್ದಿತು. ಅತ್ತಿಗೆ ಚಮಚವನ್ನು ತಟ್ಟೆಯ ಮೇಲಿಟ್ಟ ಸದ್ದಿಗೆ ಕಿವಿ ಮುಚ್ಚಿಕೊಂಡ. ಆರನೆಯ ದಿನ ಬಚ್ಚಲಿನಲ್ಲಿ ಸೆಳವು ಬಂದು ಬಿದ್ದ. ಹುಬ್ಬಿನ ಮೇಲೆ ಏಳು ಹೊಲಿಗೆ ಬಿದ್ದವು. ವರ್ಷಗಟ್ಟಲೆ ತೆಗೆದುಕೊಂಡ ಬೆಂಜೊಡಯಜೆಪೈನ್ ಅನ್ನು ಒಮ್ಮೆಲೇ ನಿಲ್ಲಿಸಿದರೆ ಸೆಳವು ಬರಬಹುದೆಂಬುದು, ಪ್ರಾಣಕ್ಕೇ ಅಪಾಯವಾಗಬಹುದೆಂಬುದು ವೈದ್ಯಲೋಕಕ್ಕೆ ದಶಕಗಳಿಂದ ಗೊತ್ತಿರುವ ಸಂಗತಿ. ಅಮೆರಿಕದ ಔಷಧ ಮತ್ತು ಸಾಧನಗಳ ನಿಯಂತ್ರಕ ಸಂಸ್ಥೆಯಾದ ಎಫ್‌ಡಿಎ 2020ರಲ್ಲಿ ಈ ಗುಂಪಿನ ಎಲ್ಲ ಔಷಧಗಳ ಮೇಲೂ ಅವಲಂಬನೆ ಮತ್ತು ಹಠಾತ್ ನಿಲುಗಡೆಯ ಕುರಿತು ಅತ್ಯಂತ ಗಂಭೀರ ದರ್ಜೆಯ ಚೌಕಟ್ಟಿನ ಎಚ್ಚರಿಕೆಯನ್ನು ಹಾಕಿಸಿತು. ಗೊತ್ತಿಲ್ಲದಿದ್ದದ್ದು ಅಣ್ಣನಿಗೆ ಮಾತ್ರ. ಚೀಟಿ ಬರೆದವರು ಅದನ್ನು ಅವನಿಗೆ ಹೇಳಿರಲಿಲ್ಲ. ಪೆಟ್ಟಿಗೆ ಮಾರಿದವನು ಹೇಳುವವನಾಗಿರಲಿಲ್ಲ.

ಈ ಕತೆ ಕೇಳಿದವರಲ್ಲಿ ಅರ್ಧ ಮಂದಿ ಪೆಟ್ಟಿಗೆಯನ್ನು ಬೈಯುತ್ತಾರೆ, ಉಳಿದರ್ಧ ಮಂದಿ ಮಾತ್ರೆಯನ್ನು. ನನ್ನ ದೂರು ಬೇರೆ. ಆರು ವರ್ಷಗಳ ಕಾಲ ‘ಇದು ಇನ್ನೂ ಬೇಕೇ’ ಎಂದು ಯಾರಾದರೂ ಒಮ್ಮೆ ಕೇಳಿದ್ದರೆ ಅಣ್ಣ ಆ ಮಾರಾಟಗಾರನಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಮಾತ್ರೆಗಳ ಮೇಲೆ ಜನರಿಗೆ ಹುಟ್ಟಿರುವ ಅನುಮಾನ ಸುಳ್ಳಲ್ಲ. ಆ ನಿಜವಾದ ಅನುಮಾನವನ್ನೇ ಬಂಡವಾಳ ಮಾಡಿಕೊಂಡು ಸುಳ್ಳು ಸರಕು ಮಾರಾಟವಾಗುತ್ತಿದೆ, ಮತ್ತು ಆ ಬಂಡವಾಳವನ್ನು ಒದಗಿಸುತ್ತಿರುವುದು ನಿಮ್ಮ ವ್ಯವಸ್ಥೆಯ ಉದಾಸೀನ.

ಅನುಮಾನ ಎಲ್ಲಿಂದ ಹುಟ್ಟಿತು ಎಂಬುದನ್ನು ತುಸು ವಿವರವಾಗಿಯೇ ನೋಡಬೇಕು. 1980ರ ಜನವರಿಯಲ್ಲಿ ಅಮೆರಿಕದ ಪ್ರಮುಖ ವೈದ್ಯಕೀಯ ನಿಯತಕಾಲಿಕವೊಂದರಲ್ಲಿ ಸಂಪಾದಕರಿಗೆ ಬರೆದ ಒಂದು ಪುಟ್ಟ ಪತ್ರ ಪ್ರಕಟವಾಯಿತು. ಒಟ್ಟು ಐದು ವಾಕ್ಯ. ಆಸ್ಪತ್ರೆಯಲ್ಲಿ ದಾಖಲಾಗಿದ್ದಾಗ ಓಪಿಯಾಯ್ಡ್ ಎಂಬ ಮಾದಕ ಗುಂಪಿನ ನೋವುನಿವಾರಕ ಪಡೆದ 11,882 ರೋಗಿಗಳ ದಾಖಲೆ ನೋಡಿದರೆ, ಹಿಂದೆ ಚಟದ ಇತಿಹಾಸವಿಲ್ಲದವರಲ್ಲಿ ಚಟಕ್ಕೆ ಬಿದ್ದದ್ದು ನಾಲ್ಕೇ ಪ್ರಕರಣಗಳಲ್ಲಿ ಎಂಬುದು ಅದರ ಸಾರ. ಆಸ್ಪತ್ರೆಯ ಮಂಚದ ಮೇಲೆ, ದಾದಿಯರ ಕಣ್ಣೆದುರು ಪಡೆದ ಔಷಧದ ಮಾತು ಅದು. ಮನೆಗೆ ಕೊಂಡೊಯ್ದು ತಿಂಗಳುಗಟ್ಟಲೆ ನುಂಗುವ ಮಾತ್ರೆಗೆ ಅದು ಅನ್ವಯಿಸುವುದೇ ಇಲ್ಲ. 2017ರಲ್ಲಿ ಅದೇ ನಿಯತಕಾಲಿಕದಲ್ಲಿ ಬಂದ ಒಂದು ವಿಶ್ಲೇಷಣೆಯ ಪ್ರಕಾರ ಆ ಪತ್ರವನ್ನು 608 ಕಡೆ ಉಲ್ಲೇಖಿಸಲಾಗಿತ್ತು, ಅವುಗಳಲ್ಲಿ ಶೇ. 72ರಷ್ಟು ಬರಹಗಳು ಓಪಿಯಾಯ್ಡ್‌ಗಳಿಂದ ಚಟ ಹತ್ತುವುದು ಅಪರೂಪ ಎಂಬುದಕ್ಕೆ ಅದನ್ನೇ ಸಾಕ್ಷಿಯಾಗಿ ನಿಲ್ಲಿಸಿದ್ದವು, ಶೇ. 80ಕ್ಕೂ ಹೆಚ್ಚು ಬರಹಗಳು ಆ ರೋಗಿಗಳು ಆಸ್ಪತ್ರೆಯಲ್ಲಿದ್ದವರು ಎಂಬ ಸಂಗತಿಯನ್ನೇ ಹೇಳಿರಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಂತೆ, ಮೂಲವನ್ನು ತೆರೆದು ನೋಡುವ ಶ್ರಮವನ್ನು ವಿದ್ವಾಂಸರೂ ತೆಗೆದುಕೊಳ್ಳಲಿಲ್ಲ.

1996ರಲ್ಲಿ ಆಕ್ಸಿಕಾಂಟಿನ್ ಎಂಬ ಓಪಿಯಾಯ್ಡ್ ಮಾತ್ರೆ ಮಾರುಕಟ್ಟೆಗೆ ಬಂದದ್ದು ಈ ನಂಬಿಕೆಯ ಬೆನ್ನ ಮೇಲೆಯೇ. ಅದರ ಮೊದಲ ಮಾಹಿತಿಪತ್ರದಲ್ಲಿ, ಔಷಧವು ನಿಧಾನವಾಗಿ ರಕ್ತಕ್ಕೆ ಸೇರುವುದರಿಂದ ದುರ್ಬಳಕೆಯ ಸಾಧ್ಯತೆ ಕಡಿಮೆಯಾಗುತ್ತದೆಂದು ‘ನಂಬಲಾಗಿದೆ’ ಎಂಬ ಒಂದು ವಾಕ್ಯವಿತ್ತು. ಮಾನ್ಯರೇ, ಆ ವಾಕ್ಯವನ್ನು ಒಪ್ಪಿದ್ದು ಯಾವುದೋ ಬೀದಿಬದಿಯ ಮಾರಾಟಗಾರನಲ್ಲ, ನಿಯಂತ್ರಕ ಸಂಸ್ಥೆ. ಯಾರು ನಂಬಿದ್ದರು, ಯಾವ ಪ್ರಯೋಗದ ಮೇಲೆ ನಂಬಿದ್ದರು ಎಂದು ಕೇಳಬೇಕಾದವರು ಕೇಳಲಿಲ್ಲ. 2007ರಲ್ಲಿ ಆ ಔಷಧವನ್ನು ತಪ್ಪುದಾರಿಗೆಳೆಯುವಂತೆ ಪ್ರಚಾರ ಮಾಡಿದ ಆರೋಪವನ್ನು ಅದರ ತಯಾರಕರಾದ ಪರ್ಡ್ಯೂ ಸಂಸ್ಥೆ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ಸಂಸ್ಥೆಯೂ ಅದರ ಮೂವರು ಅಧಿಕಾರಿಗಳೂ ಸೇರಿ ತೆತ್ತ ಮೊತ್ತ 60 ಕೋಟಿ ಡಾಲರಿಗೂ ಹೆಚ್ಚು. 2020ರಲ್ಲಿ ಸಂಸ್ಥೆ ಮತ್ತೊಮ್ಮೆ ತಪ್ಪೊಪ್ಪಿಕೊಂಡಿತು. ಅಷ್ಟರಲ್ಲಿ ಆಗಬಾರದ್ದೆಲ್ಲ ಆಗಿಹೋಗಿತ್ತು.

ಇಷ್ಟಾಗಿಯೂ ಆ ಮಾತ್ರೆಗಳು ದೀರ್ಘಕಾಲದ ನೋವಿಗೆ ಹೆಚ್ಚಿನ ಪರಿಹಾರವನ್ನಾದರೂ ಕೊಡುತ್ತಿದ್ದವೇ? 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಬೆನ್ನುನೋವು ಅಥವಾ ಸೊಂಟದ ಕೀಲು ಇಲ್ಲವೇ ಮೊಣಕಾಲಿನ ಸಂಧಿವಾತದಿಂದ ನರಳುತ್ತಿದ್ದ 240 ಮಂದಿಯನ್ನು ಎರಡು ಗುಂಪು ಮಾಡಿ ಒಂದು ವರ್ಷ ನೋಡಿದರು. ಓಪಿಯಾಯ್ಡ್ ಪಡೆದವರು ದೈನಂದಿನ ಚಟುವಟಿಕೆಯಲ್ಲಿ ಮುಂದಿರಲಿಲ್ಲ. ನೋವಿನ ಅಳತೆಯಲ್ಲಿ ಸಾಮಾನ್ಯ ನೋವುನಿವಾರಕ ಪಡೆದವರೇ ಕೊಂಚ ಮೇಲಾಗಿದ್ದರು. 2023ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಇನ್ನೊಂದು ಪ್ರಯೋಗ, ಹೊಸದಾಗಿ ಶುರುವಾದ ಸೊಂಟ ಮತ್ತು ಕತ್ತಿನ ನೋವಿನ 347 ಮಂದಿಯಲ್ಲಿ ಓಪಿಯಾಯ್ಡ್ ಮಾತ್ರೆಗೂ ಹುಸಿಮಾತ್ರೆಗೂ ಆರನೆಯ ವಾರದಲ್ಲಿ ಯಾವ ವ್ಯತ್ಯಾಸವನ್ನೂ ಕಾಣಲಿಲ್ಲ. ಓಪಿಯಾಯ್ಡ್ ಅಲ್ಲದ ಮಾತ್ರೆಗಳೆಲ್ಲ ನಿರಪಾಯ ಎಂದೂ ಅಲ್ಲ: ಸಂಧಿನೋವಿಗೆ ಲೋಕವೆಲ್ಲ ನುಂಗುತ್ತಿದ್ದ ರೋಫೆಕಾಕ್ಸಿಬ್ ಹೃದಯಾಘಾತದ ಸಂಭವವನ್ನು ಹೆಚ್ಚಿಸುತ್ತದೆಂದು ಖಚಿತವಾಗಿ 2004ರಲ್ಲಿ ಮಾರುಕಟ್ಟೆಯಿಂದ ಹಿಂದೆ ಹೋಯಿತು. 2021ರಲ್ಲಿ ಇಂಗ್ಲೆಂಡಿನ ಸರ್ಕಾರವೇ ಮಾಡಿಸಿದ ಪರಿಶೀಲನೆ, ಅಲ್ಲಿ ಬರೆದುಕೊಡುವ ಔಷಧಗಳಲ್ಲಿ ಕನಿಷ್ಠ ಶೇ. 10ರಷ್ಟು ಅನಗತ್ಯವಾಗಿರಬಹುದೆಂದಿತು. ತಕ್ಕಮಟ್ಟಿಗೆ ಲೆಕ್ಕ ಇಡುವ ವ್ಯವಸ್ಥೆಯ ಮಾತು ಇದು. ಲೆಕ್ಕವನ್ನೇ ಇಡದ ಕಡೆಗಳಲ್ಲಿ ಏನಿರಬಹುದು ಎಂಬುದನ್ನು ನಿಮ್ಮ ಊಹೆಗೆ ಬಿಡುತ್ತೇನೆ.

ಇನ್ನು ವಿದ್ಯುತ್ತಿನ ಮಾತು. ಇದನ್ನು ‘ಪರ್ಯಾಯ’ ಎಂದು ಕರೆಯುವ ರೂಢಿಯೇ ಮೊದಲ ಗೊಂದಲ. ಹೃದಯಕ್ಕೆ ಪೇಸ್‌ಮೇಕರ್ ಕೂರಿಸುವುದನ್ನು ಯಾರೂ ಪರ್ಯಾಯ ಚಿಕಿತ್ಸೆ ಎನ್ನುವುದಿಲ್ಲ. 1938ರಲ್ಲಿ ರೋಮ್ ನಗರದಲ್ಲಿ ಚೆರ್ಲೆತ್ತಿ ಮತ್ತು ಬಿನಿ ಆರಂಭಿಸಿದ ವಿದ್ಯುತ್ ಸೆಳವು ಚಿಕಿತ್ಸೆ, ಅರಿವಳಿಕೆಯ ಕೆಳಗೆ, ಇಂದಿಗೂ ತೀವ್ರ ಖಿನ್ನತೆಗೆ ಮನೋವೈದ್ಯರು ನೆಚ್ಚುವ ಬಲವಾದ ಚಿಕಿತ್ಸೆಗಳಲ್ಲಿ ಒಂದು. ಕಾಂತಕ್ಷೇತ್ರದ ಮೂಲಕ ಮೆದುಳನ್ನು ಪ್ರಚೋದಿಸುವ ವಿಧಾನಕ್ಕೆ 2008ರಲ್ಲಿ ಎಫ್‌ಡಿಎ ಖಿನ್ನತೆಯ ಚಿಕಿತ್ಸೆಗಾಗಿ ಅನುಮತಿ ಕೊಟ್ಟಿತು. ನೋವಿನ ವಿಷಯಕ್ಕೆ ಬಂದರೆ ಚರಿತ್ರೆ ಇನ್ನೂ ಹಳೆಯದು: ಮೊದಲನೆಯ ಶತಮಾನದ ರೋಮನ್ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ತಲೆನೋವಿಗೂ ಸಂಧಿನೋವಿಗೂ ಜೀವಂತ ವಿದ್ಯುತ್ ಮೀನನ್ನು ಆ ಜಾಗಕ್ಕೆ ಒತ್ತಿಡಲು ಬರೆದುಕೊಟ್ಟವನು. ಆ ಚೀಟಿಯಲ್ಲಿ ಜೋಮು ಹಿಡಿಯುವವರೆಗೆ ಎಂಬ ಮಿತಿಯಾದರೂ ಇತ್ತು. ಅಣ್ಣನ ಎರಡನೆಯ ಚೀಟಿಯಿಂದ ಮುಂದೆ ಅದೂ ಇರಲಿಲ್ಲ.

ನಾನು ಬಳಸುವುದು ಟೆನ್ಸ್ ಎಂದು ಕರೆಸಿಕೊಳ್ಳುವ ಸಾಧನ. ಚರ್ಮದ ಮೇಲಿಂದಲೇ ನರಗಳನ್ನು ಪ್ರಚೋದಿಸುವ, ಬ್ಯಾಟರಿಯಿಂದ ನಡೆಯುವ ಸಣ್ಣ ಯಂತ್ರ. ಅದರ ಹಿಂದಿನ ತರ್ಕವನ್ನು ಮೆಲ್ಝಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು 1965ರಲ್ಲಿ ಮುಂದಿಟ್ಟರು. ಮೊಣಕೈ ಗೋಡೆಗೆ ತಾಗಿದಾಗ ನಾವು ಯೋಚಿಸದೆಯೇ ಅಲ್ಲಿ ಉಜ್ಜಿಕೊಳ್ಳುತ್ತೇವಲ್ಲ, ಅದೇ ತರ್ಕ: ಸ್ಪರ್ಶವನ್ನು ಒಯ್ಯುವ ದಪ್ಪ ನರತಂತುಗಳು ಚುರುಕಾದರೆ, ನೋವನ್ನು ಒಯ್ಯುವ ಸಣ್ಣ ತಂತುಗಳ ಸುದ್ದಿ ಬೆನ್ನುಹುರಿಯ ಬಾಗಿಲಲ್ಲೇ ತಡೆಯಲ್ಪಡುತ್ತದೆ. ಮುಂದಿನ ಸಂಶೋಧನೆ ಈ ಬಾಗಿಲಿನ ಚಿತ್ರವನ್ನು ಬಹಳಷ್ಟು ತಿದ್ದಿದೆ. ಸೆಕೆಂಡಿಗೆ ಎರಡು ನಾಲ್ಕು ಬಡಿತಗಳ ನಿಧಾನಗತಿಯ ಪ್ರಚೋದನೆ ದೇಹದ ಸ್ವಂತ ಓಪಿಯಾಯ್ಡ್‌ಗಳ ಮೂಲಕ ಕೆಲಸ ಮಾಡುತ್ತದೆಂದೂ, ಓಪಿಯಾಯ್ಡ್‌ಗಳನ್ನು ತಡೆಯುವ ನಲೋಕ್ಸೋನ್ ಕೊಟ್ಟರೆ ಅದರ ಫಲ ತಗ್ಗುತ್ತದೆಂದೂ 1970ರ ದಶಕದ ಪ್ರಯೋಗಗಳೇ ತೋರಿಸಿದವು. ಇದರಿಂದ ಹೊರಡುವ ಎರಡು ಸಂಗತಿಗಳನ್ನು ಯಾವ ಜಾಹೀರಾತಿನಲ್ಲೂ ನಾನು ಕಂಡಿಲ್ಲ. ಮೊದಲನೆಯದು, ಬಹುಕಾಲ ಓಪಿಯಾಯ್ಡ್ ಮಾತ್ರೆ ನುಂಗಿದವರಲ್ಲಿ ನಿಧಾನಗತಿಯ ಟೆನ್ಸ್ ಅಷ್ಟಾಗಿ ಫಲ ಕೊಡುವುದಿಲ್ಲ. ಯಾರಿಗೆ ಮಾತ್ರೆ ಬಿಡಿಸುತ್ತೇನೆಂದು ಮಾರಾಟಗಾರ ಹೇಳುತ್ತಾನೋ ಅವರಿಗೇ ಅದು ಕಡಿಮೆ ಉಪಯುಕ್ತ. ಎರಡನೆಯದು, ದಿನವೂ ಒಂದೇ ಬಗೆಯ, ಒಂದೇ ತೀವ್ರತೆಯ ಪ್ರಚೋದನೆಗೆ ಮೈ ಕೆಲವೇ ದಿನಗಳಲ್ಲಿ ಒಗ್ಗಿಹೋಗುತ್ತದೆ. ‘ಔಷಧವಿಲ್ಲದ ಪರಿಹಾರ’ವೂ ಔಷಧದ ದಾರಿಯಲ್ಲೇ ನಡೆದು ಔಷಧದ ಮಿತಿಗಳನ್ನೇ ತಲುಪುತ್ತದೆ.

ನನ್ನ ಅನುಭವ ಹೀಗಿದೆ. ಸೊಂಟದ ಎರಡೂ ಬದಿಗೆ ಅಂಟಿನ ಪ್ಯಾಡುಗಳನ್ನು ಹಚ್ಚಿ ಗುಂಡಿ ತಿರುಗಿಸಿದರೆ ಮೊದಲು ಇರುವೆ ಹರಿದಂತೆ, ಆಮೇಲೆ ಯಾರೋ ಬೆರಳ ತುದಿಗಳಿಂದ ಬಿಡದೆ ತಟ್ಟಿದಂತೆ ಆಗುತ್ತದೆ. ಮೊದಲ ಆರು ತಿಂಗಳು ಅದರಿಂದ ನನಗೆ ಏನೂ ಆಗಲಿಲ್ಲ, ಏಕೆಂದರೆ ಭಯದಿಂದ ಇರುವೆ ಹರಿದಷ್ಟಕ್ಕೇ ನಿಲ್ಲಿಸುತ್ತಿದ್ದೆ. ಪ್ಯಾಡಿನ ಅಂಟು ಒಣಗಿ ಅಂಚು ಎದ್ದಿದ್ದರೂ ಅದನ್ನೇ ಒತ್ತಿ ಹಚ್ಚುತ್ತಿದ್ದೆ. ಅಂಟು ಒಣಗಿದ ಪ್ಯಾಡು ಚರ್ಮಕ್ಕೆ ಪೂರ್ತಿ ತಾಗದೆ, ತಾಗಿದ ಒಂದೆರಡು ಬಿಂದುಗಳಲ್ಲಿ ಮಾತ್ರ ವಿದ್ಯುತ್ತು ಸುರಿದು ಚುಚ್ಚುತ್ತದೆ. ಚುಚ್ಚಿದಾಗ ನಾವು ಇನ್ನಷ್ಟು ತಗ್ಗಿಸುತ್ತೇವೆ. ತಗ್ಗಿಸಿದರೆ ಕೆಲಸವೇ ನಡೆಯುವುದಿಲ್ಲ. ಫಿಸಿಯೋಥೆರಪಿಸ್ಟ್ ಒಬ್ಬರು ಇಪ್ಪತ್ತು ನಿಮಿಷ ಕೂತು, ನೋವಾಗದಂತೆ ಆದರೆ ಜೋರಾಗಿಯೇ ಇಟ್ಟುಕೊಳ್ಳಬೇಕು, ಮಲಗಿದಾಗಲ್ಲ, ನಡೆದಾಡುವಾಗ ಹಾಕಿಕೊಳ್ಳಬೇಕು ಎಂದು ಕಲಿಸಿಕೊಟ್ಟ ಮೇಲೆ ದಿನಕ್ಕೆ ಒಂದೆರಡು ಗಂಟೆ ನಿಂತು ಕೆಲಸ ಮಾಡುವಷ್ಟು ನೆಮ್ಮದಿ ಸಿಕ್ಕಿತು. ಯಂತ್ರ ಆಫ್ ಮಾಡಿದ ಅರ್ಧ ಗಂಟೆಗೆ ನೋವು ತನ್ನ ಜಾಗಕ್ಕೆ ಮರಳುತ್ತದೆ. ನನ್ನ ನೋವಿನ ಮಾತ್ರೆ ದಿನಕ್ಕೆ ಮೂರರಿಂದ ಒಂದಕ್ಕೆ ಇಳಿದಿದೆ, ಸೊನ್ನೆಗೆ ಇಳಿದಿಲ್ಲ.

ಒಬ್ಬನ ಸೊಂಟವನ್ನು ಸಾಕ್ಷಿಯೆಂದು ಒಪ್ಪಬೇಡಿ. ಸಾಕ್ಷಿ ಬೇರೆಯೇ ಇದೆ, ಮತ್ತು ಅದು ಇಬ್ಬಂದಿಯದು. 2022ರಲ್ಲಿ ಪ್ರಕಟವಾದ ಒಂದು ಬೃಹತ್ ಪರಾಮರ್ಶೆ 381 ಪ್ರಯೋಗಗಳನ್ನು, ಅವುಗಳಲ್ಲಿ ಪಾಲ್ಗೊಂಡ 24,532 ಮಂದಿಯ ಫಲಿತಾಂಶಗಳನ್ನು ಒಟ್ಟುಗೂಡಿಸಿ, ಟೆನ್ಸ್ ಹಚ್ಚಿರುವಾಗ ಮತ್ತು ತೆಗೆದ ತಕ್ಷಣ ನೋವು ಹುಸಿಚಿಕಿತ್ಸೆಗಿಂತ ಕಡಿಮೆ ಇರುತ್ತದೆ ಎಂದು ಮಧ್ಯಮ ಮಟ್ಟದ ಖಚಿತತೆಯಿಂದ ಹೇಳಿತು. ಫೈಬ್ರೊಮಯಾಲ್ಜಿಯಾ ಎಂಬ, ಮೈಯೆಲ್ಲ ನೋಯುವ ಕಾಯಿಲೆ ಇರುವ 301 ಮಹಿಳೆಯರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಓಡಾಡುವಾಗ ದಿನಕ್ಕೆ ಎರಡು ಗಂಟೆ ಬಳಸಿದವರಿಗೆ ಚಲನೆಯ ನೋವು ನಾಲ್ಕು ವಾರಗಳಲ್ಲಿ ಗಣನೀಯವಾಗಿ ತಗ್ಗಿತು. ಇತ್ತ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಾಮರ್ಶಿಸುವ ಕಾಕ್ರೇನ್ ಸಂಸ್ಥೆಯ 2019ರ ಅವಲೋಕನ, ದೀರ್ಘಕಾಲದ ನೋವಿನ ಮಟ್ಟಿಗೆ ಇರುವ ಸಾಕ್ಷ್ಯದ ಗುಣಮಟ್ಟ ತೀರಾ ಕಳಪೆಯಾದ್ದರಿಂದ ಯಾವ ತೀರ್ಮಾನಕ್ಕೂ ಬರಲಾಗದು ಎಂದಿತು. ಅಮೆರಿಕದ ಸಾರ್ವಜನಿಕ ವಿಮೆ ದೀರ್ಘಕಾಲದ ಸೊಂಟನೋವಿಗೆ ಟೆನ್ಸ್ ವೆಚ್ಚ ಭರಿಸುವುದನ್ನು, ಪ್ರಯೋಗಗಳಲ್ಲಿ ಪಾಲ್ಗೊಳ್ಳುವವರನ್ನು ಬಿಟ್ಟು, 2012ರಲ್ಲೇ ನಿಲ್ಲಿಸಲು ತೀರ್ಮಾನಿಸಿತ್ತು.

ಈ ಸಂದರ್ಭದಲ್ಲಿ ವೈದ್ಯರಿಗೆ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ಬ್ರಿಟನ್ನಿನ ನೈಸ್ ಸಂಸ್ಥೆಯ 2021ರ ಮಾರ್ಗಸೂಚಿಯನ್ನು ವಿಶೇಷವಾಗಿ ನೆನೆಯಬೇಕು. ಬೇರೆ ಕಾಯಿಲೆಯಿಂದ ವಿವರಿಸಲಾಗದ ದೀರ್ಘಕಾಲದ ನೋವಿಗೆ ಟೆನ್ಸ್ ಕೊಡಬೇಡಿ ಎಂದು ಅದು ಹೇಳುತ್ತದೆ. ಯಂತ್ರವಿರೋಧಿಗಳು ಈ ಸಾಲನ್ನು ಖುಷಿಯಿಂದ ಎತ್ತಿ ತೋರಿಸುತ್ತಾರೆ. ಅದೇ ಮಾರ್ಗಸೂಚಿ, ಅದೇ ನೋವಿಗೆ, ಓಪಿಯಾಯ್ಡ್ ಮಾತ್ರವಲ್ಲ, ಪ್ಯಾರಸಿಟಮಾಲ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳು, ನರನೋವಿಗೆ ಕೊಡುವ ಗಬಪೆಂಟಿನ್ ಗುಂಪು, ಬೆಂಜೊಡಯಜೆಪೈನ್‌ಗಳು, ಇವು ಯಾವುದನ್ನೂ ಹೊಸದಾಗಿ ಶುರುಮಾಡಬೇಡಿ ಎಂದೂ ಹೇಳುತ್ತದೆ. ಈ ಸಾಲನ್ನು ಎತ್ತಿ ತೋರಿಸುವವರು ಕಡಿಮೆ. ಆ ಮಾರ್ಗಸೂಚಿಯ ಎಲ್ಲ ತೀರ್ಪುಗಳನ್ನೂ ನಾನು ಒಪ್ಪುತ್ತೇನೆಂದಲ್ಲ. ಆದರೆ ಒಂದೇ ತಕ್ಕಡಿ ಎಂದರೆ ಏನು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಮಾತ್ರೆಗೆ ಸಾಕ್ಷ್ಯ ಸಾಲದು ಎಂಬುದು ಯಂತ್ರಕ್ಕೆ ಸಾಕ್ಷ್ಯವಾಗುವುದಿಲ್ಲ, ಯಂತ್ರದ ಸಾಕ್ಷ್ಯ ದುರ್ಬಲ ಎಂಬುದರಿಂದ ಮಾತ್ರೆಗೆ ಬಲ ಬರುವುದೂ ಇಲ್ಲ.

ಸಾಧನಗಳ ಪ್ರಯೋಗ ಕಷ್ಟವೆಂಬುದನ್ನು ಒಪ್ಪಬೇಕು. ಹುಸಿಮಾತ್ರೆಯನ್ನು ನಿಜವಾದ ಮಾತ್ರೆಯಂತೆಯೇ ಕಾಣುವ ಹಾಗೆ ಮಾಡಬಹುದು. ಆದರೆ ಟೆನ್ಸ್ ಹಚ್ಚಿದವನಿಗೆ ಚರ್ಮ ಜುಮ್ಮೆನ್ನುತ್ತದೆಯೋ ಇಲ್ಲವೋ ಎಂಬುದು ಕೂಡಲೇ ತಿಳಿದುಹೋಗುತ್ತದೆ. ಜುಮ್ಮೆನ್ನಿಸದ, ಒಂದು ಮಿಲಿಆಂಪಿಯರಿಗೂ ಕಡಿಮೆ ವಿದ್ಯುತ್ತಿನ ಯಂತ್ರಗಳಲ್ಲಿ ಈ ತೊಡಕಿಲ್ಲ, ಅಲ್ಲಿ ಪ್ರಯೋಗ ಸುಲಭ. ಆದರೆ ಮೋಸವೂ ಅಷ್ಟೇ ಸುಲಭ, ಏಕೆಂದರೆ ಯಂತ್ರ ಸತ್ತಿದೆಯೋ ಬದುಕಿದೆಯೋ ಎಂಬುದು ಬಳಸುವವನಿಗೆ ಗೊತ್ತಾಗುವ ದಾರಿಯೇ ಇಲ್ಲ. ಅಣ್ಣನ ಕಿವಿಗೆ ಸಿಕ್ಕಿಸಿದ ಪೆಟ್ಟಿಗೆ ಈ ಜಾತಿಗೆ ಸೇರಿದ್ದು ಎಂದು ಹೇಳಿಕೊಳ್ಳುತ್ತದೆ. ತಲೆಬುರುಡೆಯ ಮೂಲಕ ಅಲ್ಪ ವಿದ್ಯುತ್ ಹರಿಸುವ ಇಂಥ ಸಾಧನಗಳು ಅಮೆರಿಕದಲ್ಲಿ 1976ರ ಸಾಧನ ಕಾಯಿದೆಗೂ ಹಿಂದಿನವು ಎಂಬ ಕಾರಣದಿಂದ ದಶಕಗಟ್ಟಲೆ ಹಳೆಯ ಸಾಧನಕ್ಕೆ ಹೋಲುತ್ತವೆ ಎಂಬ ಆಧಾರದ ಮೇಲೆಯೇ ಮಾರಾಟವಾದವು. 2019ರ ಡಿಸೆಂಬರಿನಲ್ಲಿ ಎಫ್‌ಡಿಎ ಕೊನೆಗೂ ಅವನ್ನು ವಿಂಗಡಿಸಿ, ಆತಂಕ ಮತ್ತು ನಿದ್ರಾಹೀನತೆಗೆ ಬಳಸುವವನ್ನು ಮಧ್ಯಮ ಅಪಾಯದ ವರ್ಗಕ್ಕೆ ಇಳಿಸಿತು, ಖಿನ್ನತೆಗೆ ಬಳಸುವವನ್ನು ಮಾತ್ರ ಪೂರ್ಣ ಪುರಾವೆ ಕೊಡಬೇಕಾದ ಅತಿ ಕಟ್ಟುನಿಟ್ಟಿನ ವರ್ಗದಲ್ಲೇ ಉಳಿಸಿತು. ವಿಂಗಡಣೆಗೆ 43 ವರ್ಷ ಹಿಡಿಯಿತು ಎಂಬುದನ್ನು ಗಮನಿಸಿ.

‘ಹೋಲುತ್ತದೆ’ ಎಂಬ ಪದದ ಬಗ್ಗೆ ಇನ್ನೊಂದು ಮಾತು. ಅಮೆರಿಕದಲ್ಲಿ ಒಂದು ಸಾಧನ ಕೇವಲ ನೋಂದಣಿಯಾಗಿರಬಹುದು, ಅಥವಾ ಈಗಾಗಲೇ ಮಾರುಕಟ್ಟೆಯಲ್ಲಿರುವ ಸಾಧನಕ್ಕೆ ಸಮಾನವೆಂದು ಅನುಮತಿ ಪಡೆದಿರಬಹುದು, ಅಥವಾ ಸುರಕ್ಷತೆಯನ್ನೂ ಫಲವನ್ನೂ ಸ್ವತಂತ್ರವಾಗಿ ರುಜುವಾತುಪಡಿಸಿ ಮಂಜೂರಾತಿ ಪಡೆದಿರಬಹುದು. ಮೂರಕ್ಕೂ ಅಜಗಜಾಂತರ. ನೋಂದಣಿಯನ್ನೇ ಅನುಮೋದನೆಯೆಂದು ಬಿಂಬಿಸುವುದು ಅಲ್ಲಿನ ನಿಯಮದ ಪ್ರಕಾರವೇ ತಪ್ಪು. ಆದರೂ ಅಣ್ಣನ ಪೆಟ್ಟಿಗೆಯ ಹಿಂಬದಿಯಲ್ಲಿ ‘ನೋಂದಾಯಿತ’ ಎಂದು ಮುದ್ರೆಯ ಆಕಾರದಲ್ಲಿ ಅಚ್ಚಾಗಿದೆ, ಮತ್ತು ಅಣ್ಣ, ಅತ್ತಿಗೆ, ನಾನು, ಮೂವರೂ ಅದನ್ನು ಸರ್ಕಾರ ಪರೀಕ್ಷಿಸಿ ಒಪ್ಪಿದ್ದು ಎಂದೇ ಓದಿಕೊಂಡೆವು. ನಾವು ತಕ್ಕಮಟ್ಟಿಗೆ ಓದು ಬಲ್ಲವರು.

ಮುಚ್ಚಿದ ಪೆಟ್ಟಿಗೆಯ ಈ ವ್ಯಾಪಾರ ಹೊಸದಲ್ಲ. ನೂರು ವರ್ಷಗಳ ಹಿಂದೆ ಸ್ಯಾನ್ ಫ್ರಾನ್ಸಿಸ್ಕೊದ ಆಲ್ಬರ್ಟ್ ಅಬ್ರಾಮ್ಸ್ ಎಂಬ ವೈದ್ಯ, ರಕ್ತದ ಒಂದು ಹನಿಯಿಂದ ರೋಗದ ‘ಕಂಪನ’ವನ್ನು ಗುರುತಿಸಿ ಅದಕ್ಕೆ ಎದುರಾದ ಕಂಪನದಿಂದ ಗುಣಪಡಿಸುತ್ತವೆ ಎಂಬ ಪೆಟ್ಟಿಗೆಗಳನ್ನು, ಬಿಚ್ಚಿ ನೋಡಕೂಡದೆಂಬ ಕರಾರಿನ ಮೇಲೆ, ವೈದ್ಯರಿಗೆ ಬಾಡಿಗೆಗೆ ಕೊಡುತ್ತಿದ್ದ. 1924ರಲ್ಲಿ ಅವನು ತೀರಿಕೊಂಡ. ಅದೇ ವರ್ಷ ಒಂದು ವಿಜ್ಞಾನ ಪತ್ರಿಕೆ ಬಹುಕಾಲ ನಡೆಸಿದ ತನಿಖೆ ಅವನ ವಿಧಾನಕ್ಕೆ ಯಾವ ಬೆಲೆಯೂ ಇಲ್ಲವೆಂದು ಘೋಷಿಸಿತು. ಅವನ ಕಾಲದಲ್ಲಿ ಅದಕ್ಕೆ ಮರುಳಾದವರು ಅವಿದ್ಯಾವಂತರಲ್ಲ. ಅಂದಿನ ವೈದ್ಯವು ಕೈಚೆಲ್ಲಿದ ಕಾಯಿಲೆಗಳ ಮುಂದೆ ಕೂತಿದ್ದವರು.

ಈಗ ನನ್ನ ಬೇಡಿಕೆಗಳಿಗೆ ಬರುತ್ತೇನೆ. ನಿದ್ರೆ, ಆತಂಕ ಮತ್ತು ನೋವಿಗೆ ಕೊಡುವ, ಅವಲಂಬನೆ ಉಂಟುಮಾಡಬಲ್ಲ ಔಷಧಗಳ ಚೀಟಿಯಲ್ಲಿ ಶುರುಮಾಡಿದ ಕಾರಣ ಮತ್ತು ಮರುಪರಿಶೀಲನೆಯ ದಿನಾಂಕ ಕಡ್ಡಾಯವಾಗಬೇಕು. ಆ ದಿನಾಂಕ ದಾಟಿದ ಚೀಟಿಗೆ ‘ಹಿಂದಿನಂತೆಯೇ ಮುಂದುವರಿಸಿ’ ಎಂಬುದು ಸಾಲದೆಂದು, ಹೊಸದಾಗಿ ಕಾರಣ ಬರೆಯಬೇಕೆಂದು ನಿಯಮ ಮಾಡಿ. ಮುಂದುವರಿಸಲೇಬಾರದೆಂದು ನಾನು ಹೇಳುತ್ತಿಲ್ಲ. ಕ್ಯಾನ್ಸರಿನ ನೋವಿಗೆ, ಶಸ್ತ್ರಚಿಕಿತ್ಸೆಯ ನಂತರದ ನೋವಿಗೆ ಓಪಿಯಾಯ್ಡ್ ಬೇಕೇ ಬೇಕು. ಅಪಸ್ಮಾರಕ್ಕೆ, ಮಧುಮೇಹಕ್ಕೆ, ರಕ್ತದೊತ್ತಡಕ್ಕೆ ಮಾತ್ರೆಯೇ ಪ್ರಾಣ. ಮಾತ್ರೆಯ ಅತಿಬಳಕೆಯನ್ನು ಖಂಡಿಸುವ ಭರದಲ್ಲಿ ಬೇಕಾದ ಮಾತ್ರೆಯನ್ನು ಬಿಡಿಸುವವರು ನನ್ನ ಈ ಪತ್ರವನ್ನು ತಮ್ಮ ಕರಪತ್ರಕ್ಕೆ ಬಳಸಿಕೊಳ್ಳದಿರಲಿ. ಜೊತೆಗೆ, ಮಾತ್ರೆಯನ್ನು ಹಂತಹಂತವಾಗಿ ಇಳಿಸುವುದು ಹೇಗೆಂಬುದು ಚೀಟಿ ಬರೆಯುವವರ ಕೆಲಸದ ಭಾಗವಾಗಬೇಕು. ಅಣ್ಣನಿಗೆ ಈಗ ವೈದ್ಯರು ಕೆಲವು ವಾರಗಳಿಗೊಮ್ಮೆ ಮಾತ್ರೆಯ ಸಣ್ಣ ಪಾಲೊಂದನ್ನು ತಗ್ಗಿಸುತ್ತಿದ್ದಾರೆ. ಆ ವೇಳಾಪಟ್ಟಿ ಒಂದು ಹಾಳೆಯಷ್ಟೇ ಇದೆ. ಮೊದಲ ವರ್ಷವೇ ಅದನ್ನು ಕೊಡಬಹುದಿತ್ತು.

ಸಾಧನಗಳ ಮಟ್ಟಿಗೆ, ‘ಔಷಧ ಬಿಡಿ’ ಎಂದು ಹೇಳುವ ಅಥವಾ ಸೂಚಿಸುವ ಯಾವುದೇ ಮಾರಾಟದ ಮಾತನ್ನು, ಅದು ಅಚ್ಚಿನಲ್ಲಿರಲಿ, ಬಾಯಿಮಾತಿನಲ್ಲಿರಲಿ, ಅಪಾಯಕಾರಿ ಔಷಧದ ಸುಳ್ಳು ಪ್ರಚಾರಕ್ಕೆ ಸಮಾನವಾದ ಅಪರಾಧವೆಂದು ಪರಿಗಣಿಸಿ. ಪೊಟ್ಟಣದ ಮೇಲೆ ಎಷ್ಟು ಮಿಲಿಆಂಪಿಯರ್, ಎಷ್ಟು ಹರ್ಟ್ಜ್, ಯಾವ ಕಾಯಿಲೆಗೆ ಪರೀಕ್ಷೆಯಾಗಿದೆ ಮತ್ತು ಯಾವುದಕ್ಕೆ ಆಗಿಲ್ಲ, ಅನುಮತಿ ಮೂರರಲ್ಲಿ ಯಾವ ಬಗೆಯದು ಎಂಬುದು ಬಳಸುವವರ ಭಾಷೆಯಲ್ಲಿ ಇರಲಿ. ಪೇಸ್‌ಮೇಕರ್ ಇರುವವರು ಹೃದ್ರೋಗ ತಜ್ಞರನ್ನು ಕೇಳದೆ ಬಳಸಬಾರದು, ಕತ್ತಿನ ಮುಂಭಾಗಕ್ಕೆ ಹಚ್ಚಬಾರದು, ಗಾಯವಾದ ಚರ್ಮದ ಮೇಲೆ ಹಚ್ಚಬಾರದು, ಗರ್ಭಿಣಿಯರು ಹೊಟ್ಟೆಯ ಮೇಲೆ ಹಚ್ಚಬಾರದು ಎಂಬ ಎಚ್ಚರಿಕೆಗಳು ನನ್ನ ಯಂತ್ರದ ಕೈಪಿಡಿಯಲ್ಲಿ ಇವೆ. ಹದಿನಾಲ್ಕನೆಯ ಪುಟದಲ್ಲಿ, ನನ್ನ ಕನ್ನಡಕಕ್ಕೂ ನಿಲುಕದ ಅಕ್ಷರಗಳಲ್ಲಿ. ಬಣ್ಣದ ನಗುಮುಖ ಇರುವ ಪೊಟ್ಟಣದ ಮುಂಭಾಗದಲ್ಲಿ ಅವಕ್ಕೆ ಜಾಗ ಮಾಡಿಕೊಡಿ.

ಇನ್ನೊಂದು ಬೇಡಿಕೆ ಸಂಶೋಧನೆಗೆ ಹಣ ಕೊಡುವವರಿಗೆ. ಟೆನ್ಸ್ ಪ್ರಯೋಗಗಳಲ್ಲಿ ಬಹುಪಾಲು ಸಣ್ಣವು, ಅಲ್ಪಾವಧಿಯವು. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿಸಿ ಮುಗಿಸುವಂಥವು. ನಾನು ಕೇಳುವ ಪ್ರಶ್ನೆ ಸರಳವಾದದ್ದು: ಸರಿಯಾಗಿ ಕಲಿಸಿ ಕೊಟ್ಟ ಸಾಧನದಿಂದ ಒಂದು ವರ್ಷದ ಕೊನೆಗೆ ನುಂಗುವ ಮಾತ್ರೆಗಳ ಸಂಖ್ಯೆ ಇಳಿಯುತ್ತದೆಯೇ, ಇಳಿದದ್ದು ಹಾಗೆಯೇ ಉಳಿಯುತ್ತದೆಯೇ? ಮಾತ್ರೆಗಳನ್ನು ಎಣಿಸುವ ಪ್ರಯೋಗ ಬೇಕು. ಔಷಧ ತಯಾರಕರು ಇದಕ್ಕೆ ಹಣ ಹಾಕಲಾರರು. ಸಾಧನ ತಯಾರಕರೂ ಹಾಕಲಾರರು, ಏಕೆಂದರೆ ಹೋಲಿಕೆಯ ಆಧಾರದ ಮೇಲೆಯೇ ಅನುಮತಿ ಸಿಗುತ್ತಿರುವಾಗ ಸೋಲುವ ಸಾಧ್ಯತೆಯಿರುವ ಪ್ರಯೋಗಕ್ಕೆ ಯಾರು ಮುಂದಾಗುತ್ತಾರೆ? ಸಾರ್ವಜನಿಕ ಹಣದಿಂದಲೇ ಅದು ಆಗಬೇಕು.

ಅಣ್ಣನ ಪೆಟ್ಟಿಗೆ ಈಗ ನನ್ನ ಮೇಜಿನ ಮೇಲಿದೆ. ಮನೆಯಲ್ಲಿದ್ದ ಮೀಟರಿಗೆ ಅದರ ಎರಡು ಕ್ಲಿಪ್ಪುಗಳನ್ನು ಜೋಡಿಸಿ, ಗುಂಡಿಯನ್ನು ಕನಿಷ್ಠದಿಂದ ಗರಿಷ್ಠದವರೆಗೆ ತಿರುಗಿಸಿ ನೋಡಿದೆ. ನೀಲಿ ದೀಪ ಉರಿಯಿತು. ಮೀಟರಿನ ಮುಳ್ಳು ಅಲುಗಲಿಲ್ಲ. ನನ್ನ ಮೀಟರು ಒರಟಿನದು, ಮೈಕ್ರೋಆಂಪಿಯರುಗಳ ಕ್ಷಣಿಕ ಬಡಿತಗಳನ್ನು ಅದು ಹಿಡಿಯಲಾರದು ಎಂದು ಮಾರಿದವನು ವಾದಿಸಬಹುದು, ಆ ವಾದ ನಿಜವೂ ಇರಬಹುದು. ನಿಮ್ಮ ಪ್ರಯೋಗಾಲಯಗಳಲ್ಲಿ ಅದನ್ನು ಹಿಡಿಯಬಲ್ಲ ಉಪಕರಣಗಳಿವೆ. ಯಾವ ವಿಳಾಸಕ್ಕೆ ಕಳುಹಿಸಬೇಕೆಂದು ತಿಳಿಸಿದರೆ ಪೆಟ್ಟಿಗೆಯನ್ನೂ, ಅದರೊಂದಿಗೆ ಆರು ವರ್ಷಗಳ ಚೀಟಿಗಳ ಪ್ರತಿಗಳನ್ನೂ ಒಂದೇ ಲಕೋಟೆಯಲ್ಲಿ ಕಳುಹಿಸಿಕೊಡುತ್ತೇನೆ.

ಇಂತಿ,
ಸೊಂಟನೋವಿನ ಒಬ್ಬ ರೋಗಿ